ಕಪ್ಪೆಬಾಯಿ ಹಕ್ಕಿಯ ನೆಲೆ ಗುರುತಿಸುವುದು: ನನ್ನ ಅನುಭವ

ಖಾನಾಪುರ ತಾಲ್ಲೂಕಿನ ಕಣಕುಂಬಿ, ಹೆಮ್ಮಡಗಾ, ಭೀಮಗಡದ ಕಾಡುಗಳಲ್ಲಿ ರಾತ್ರಿ ಸಂಚರಿಸುವ ಕಪ್ಪೆಬಾಯಿ ಹಕ್ಕಿಯನ್ನು (ಶ್ರೀಲಂಕಾ ಫ್ರಾಗ್‌ಮೌತ್) ಹುಡುಕುವುದು ಕಣ್ಣಿಗಿಂತ ಕಿವಿಯ ಕೆಲಸ. ಪಶ್ಚಿಮ ಘಟ್ಟ, ಶ್ರೀಲಂಕಾ ಬಿಟ್ಟರೆ ಈ ಜಾತಿ ಇನ್ನೆಲ್ಲೂ ಇಲ್ಲ. ಸುಮಾರು 23 ಸೆಂ.ಮೀ. ಉದ್ದದ ಹಕ್ಕಿ. ಹಗಲೆಲ್ಲ ಬಿದಿರಮೆಳೆಯಲ್ಲೋ ಬಳ್ಳಿಗಳ ನಡುವೆಯೋ ಒಣ ಎಲೆಯಂತೆ ಕದಲದೆ ಕೂತಿರುತ್ತದೆ.

ಅರಣ್ಯ ಇಲಾಖೆಯ ಅನುಮತಿ ಪಡೆದು, ಹಗಲಲ್ಲೇ ಕಾಡುದಾರಿಯುದ್ದಕ್ಕೂ 500 ಮೀಟರಿಗೊಂದು ಜಾಗ ಗುರುತಿಸುತ್ತೇನೆ. ಅದಕ್ಕಿಂತ ಹತ್ತಿರವಾದರೆ ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರಬಹುದು. ಹಳ್ಳದ ಸದ್ದು ಕೇಳುವಲ್ಲಿ ನಿಲ್ಲುವುದಿಲ್ಲ. ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ 5 ನಿಮಿಷ ಸುಮ್ಮನೆ ಆಲಿಸಿ, 30 ಸೆಕೆಂಡು ಧ್ವನಿಮುದ್ರಿತ ಕೂಗು ಕೇಳಿಸಿ, ಮತ್ತೆ 5 ನಿಮಿಷ ಆಲಿಸುತ್ತೇನೆ. ಉತ್ತರ ಬಂದ ಕೂಡಲೇ ಕೂಗು ಬಂದ್. ಇದು ಇಡುವುದು ಒಂದೇ ಮೊಟ್ಟೆ, ಹಗಲು ಕಾವು ಕೂರುವುದು ಗಂಡು. ಹಾಗಾಗಿ ಗೂಡಿನ ಬಳಿ ಕೂಗು ಹಾಕಲೇಬಾರದು. ಗಾಳಿ ಬೀಸುವ ರಾತ್ರಿಯ ಎಣಿಕೆ ಬಿಟ್ಟುಬಿಡುವುದೇ ಮೇಲು.

ಕೂಗು ಕೇಳಲಿಲ್ಲವೆಂದರೆ ಹಕ್ಕಿ ಇಲ್ಲವೆಂದಲ್ಲ. ಇದ್ದಾಗಲೂ ಒಂದು ಭೇಟಿಯಲ್ಲಿ ಕೇಳುವ ಸಾಧ್ಯತೆ ಶೇ. 40 ಎಂದುಕೊಂಡರೆ, ಮೂರು ಭೇಟಿಯಲ್ಲೂ ತಪ್ಪಿಹೋಗುವ ಸಾಧ್ಯತೆ ಸುಮಾರು ಶೇ. 22, ಐದು ಭೇಟಿಗೆ ಅದು ಶೇ. 8ಕ್ಕೆ ಇಳಿಯುತ್ತದೆ. ಐದು ಸಲ ಹೋಗದೆ ‘ಇಲ್ಲ’ ಎಂದು ಬರೆಯುವುದಿಲ್ಲ.

ಕಾಡಿನ ಸ್ಥಿತಿ ಅಳೆಯಲು ನಾನು ಹೆಚ್ಚು ನಂಬುವುದು 3 ಮೀಟರಿನ ಒಂದು ಕೋಲನ್ನು. ಅರ್ಧ ಮೀಟರಿಗೊಂದು ಪಟ್ಟಿ ಬಳಿದು, ಜಾಗದ ನಡುವೆ ನೆಟ್ಟು, ನಾಲ್ಕೂ ದಿಕ್ಕಿನಲ್ಲಿ 10 ಮೀಟರ್ ದೂರದಿಂದ ನೋಡಿ ಎಷ್ಟು ಪಟ್ಟಿ ಪೊದೆಯಲ್ಲಿ ಮರೆಯಾಗಿವೆ ಎಂದು ಬರೆಯುತ್ತೇನೆ. ಕೋಲಿನ ಸುತ್ತ ಅದೇ 10 ಮೀಟರ್ ವೃತ್ತದಲ್ಲಿ ಕಡಿದ ಬುಡ, ಸವರಿದ ಕೊಂಬೆ, ಬಳ್ಳಿಗಳ ಎಣಿಕೆಯೂ ಆಗುತ್ತದೆ. ಉಪಗ್ರಹ ಚಿತ್ರಕ್ಕೆ ಕಾಣುವುದು ಮರಗಳ ನೆತ್ತಿ ಮಾತ್ರ. ಅಕೇಶಿಯಾ ನೆಡುತೋಪೂ ಗೇರುತೋಟವೂ ಅದರಲ್ಲಿ ಹಸಿರೇ. ಸೌದೆ, ಸೊಪ್ಪು, ಬೆಂಕಿಯಿಂದ ತಳಗಾಡು ಬೋಳಾದರೆ ದೊಡ್ಡ ಮರಗಳು ನಿಂತಿದ್ದರೂ ಹಗಲು ಅಡಗುವ ತಾವು ಹೋಯಿತು.

ಪುಸ್ತಕದ ನಕ್ಷೆಯಲ್ಲಿ ಈ ಹಕ್ಕಿಯ ವ್ಯಾಪ್ತಿ ಒಂದೇ ಬಣ್ಣದ ಪಟ್ಟಿ. ಅದರ ಅಂಚು ಇದ್ದಲ್ಲೇ ಇದ್ದು ಒಳಗೆ ತೂತು ಬೀಳುವುದೇ ನನ್ನ ದೊಡ್ಡ ಆತಂಕ. ಆದ್ದರಿಂದ 1 ಕಿ.ಮೀ. ಚೌಕಗಳಲ್ಲಿ ಕೇಳಿದ್ದು, ಐದು ಸಲವೂ ಕೇಳದ್ದು, ಹೋಗದ್ದು ಎಂದು ಮೂರು ಬಣ್ಣ ತುಂಬುತ್ತೇನೆ. ಹೋಗದ ಚೌಕವನ್ನು ಖಾಲಿ ಎಂದು ಎಣಿಸಿದರೆ ಇಡೀ ನಕ್ಷೆ ಕೆಟ್ಟಿತು. ಕಾಡು ತೆರವಾದ ಜಾಗದಲ್ಲಿ ನತ್ತಿಂಗಗಳ (ನೈಟ್‌ಜಾರ್, ಇನ್ನೊಂದು ಬಗೆಯ ನಿಶಾಚರ ಹಕ್ಕಿ) ಕೂಗು ಹೆಚ್ಚಿರಬಹುದು. ಬಯಲು, ಕುರುಚಲು ಅವಕ್ಕೆ ಒಗ್ಗುತ್ತದೆ. ಅವನ್ನೆಲ್ಲ ಕೂಡಿಸಿ ‘ನಿಶಾಚರ ಹಕ್ಕಿಗಳು’ ಎಂದು ಒಂದೇ ಸಂಖ್ಯೆ ಕೊಟ್ಟರೆ ಕಪ್ಪೆಬಾಯಿ ಕಳೆದುಹೋದದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ.