ಕಣ್ಮರೆಯಾದ ಬೆಂಗಳೂರು ಕೋಟೆಯನ್ನು ನಡೆದು ಗುರುತಿಸುವ ಬಗೆ

ಕೃಷ್ಣರಾಜ ಮಾರುಕಟ್ಟೆಯ ಪಕ್ಕದಲ್ಲಿ ಕೋಟೆಯೆಂದು ಇಂದು ತೋರಿಸುವುದು ದೆಹಲಿ ಬಾಗಿಲನ್ನು ಮತ್ತು ಅದಕ್ಕೆ ಅಂಟಿಕೊಂಡ ಗೋಡೆ-ಬುರುಜುಗಳನ್ನು ಮಾತ್ರ. 1761ರಲ್ಲಿ ಹೈದರಾಲಿ ಕಲ್ಲಿನಿಂದ ಕಟ್ಟಿಸಿದ ಅಂಡಾಕಾರದ ಕೋಟೆಗೆ ಅದು ಉತ್ತರದ ಬಾಗಿಲಾಗಿದ್ದು, ದಕ್ಷಿಣದ ಮೈಸೂರು ಬಾಗಿಲು ಈಗ ಉಳಿದಿಲ್ಲ.

ಹೊರಡುವ ಮುನ್ನ, 1791ರಲ್ಲಿ ಬ್ರಿಟಿಷರು ಈ ಕೋಟೆಗೆ ಹಾಕಿದ ಮುತ್ತಿಗೆಯ ಕಾಲದಲ್ಲಿ ಅವರ ಸೇನಾಧಿಕಾರಿ ಕ್ಲಾಡ್ ಮಾರ್ಟಿನ್ ಸಿದ್ಧಪಡಿಸಿದ ನಕ್ಷೆಯ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳಬೇಕು. ಹಳೆಯ ನಕ್ಷೆಯ ಅಳತೆಗಳನ್ನು ಇಂದಿನ ರಸ್ತೆಗಳ ಮೇಲೆ ನೇರವಾಗಿ ಕೂರಿಸಲು ಹೋದರೆ ದಿಕ್ಕು ತಪ್ಪುವುದೇ ಹೆಚ್ಚು. ಆದ್ದರಿಂದ ಇಂದಿಗೂ ಸ್ಥಳ ಬದಲಿಸದೆ ನಿಂತಿರುವ ದೆಹಲಿ ಬಾಗಿಲು ಮತ್ತು ಟಿಪ್ಪುವಿನ ಬೇಸಿಗೆ ಅರಮನೆ, ಈ ಎರಡನ್ನು ಮೊದಲು ಗುರುತು ಹಾಕಿಕೊಂಡು, ಮಿಕ್ಕದ್ದನ್ನು ಅವುಗಳ ನಡುವಿನ ಅಂತರದಿಂದ ಅಂದಾಜಿಸುವುದು ಒಳ್ಳೆಯದು.

ಬಾಗಿಲಿನ ಬಳಿ ಅವಸರ ಬೇಡ. ಒಳಗಿರುವ ಗಣಪತಿಯ ಪುಟ್ಟ ಗುಡಿಯನ್ನೂ ಒಂದರ ಮೇಲೊಂದು ಕೂರಿಸಿದ ಕಲ್ಲುಗಳ ಜೋಡಣೆಯನ್ನೂ ನೋಡಿದ ಬಳಿಕ ಹೊರಗೋಡೆಯ ಕಡೆಗೆ ಬಂದರೆ, 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆಯೊಡೆದು ನುಗ್ಗಿದ್ದು ಇಲ್ಲಿಂದಲೇ ಎಂದು ಸಾರುವ ಫಲಕ ಕಾಣುತ್ತದೆ. ಆ ರಾತ್ರಿ ಕಾದಾಡಿ ಮಡಿದ ಕಿಲ್ಲೇದಾರ (ಕೋಟೆಯ ಮುಖ್ಯಾಧಿಕಾರಿ) ಬಹದ್ದೂರ್ ಖಾನನ ಹೆಸರು ಅದರಲ್ಲಿಲ್ಲ; ಫಲಕವನ್ನು ಓದುವಾಗ ಅದನ್ನು ನೆಟ್ಟವರು ಯಾರೆಂಬುದನ್ನೂ ಗಮನಿಸಬೇಕಾಗುವುದು ಇದಕ್ಕಾಗಿಯೇ.

ಅಲ್ಲಿಂದ ಕೃಷ್ಣರಾಜೇಂದ್ರ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದರೆ, ಗೋಡೆಯ ಸುಳಿವು ಎಲ್ಲಿಯೂ ಸಿಗದಿದ್ದರೂ ಹೆಸರುಗಳು ದಾರಿ ತೋರಿಸುತ್ತವೆ: ಕೋಟೆ ವೆಂಕಟರಮಣ ದೇವಾಲಯ, ಕೋಟೆ ಪ್ರೌಢಶಾಲೆ. ದೇವಾಲಯವು ಚಿಕ್ಕದೇವರಾಜ ಒಡೆಯರ ಕಾಲದ್ದೆನ್ನುವುದರಿಂದ ಹೈದರಾಲಿಯ ಕಲ್ಲಿನ ಕೋಟೆಗಿಂತ ಹಳೆಯದು. ಅದರ ಮಗ್ಗುಲಿನಲ್ಲೇ ಇರುವ, 1791ರಲ್ಲಿ ಮುಗಿದ ಮರದ ಕಂಬಗಳ ಅರಮನೆಯನ್ನು ಟಿಕೆಟ್ ಪಡೆದು ನೋಡಬಹುದು. ಅದರ ಮುಂದಿನ ಆಲೂರು ವೆಂಕಟರಾವ್ ರಸ್ತೆಯ ಹಿಂದಿನ ಹೆಸರು ಆಲ್ಬರ್ಟ್ ವಿಕ್ಟರ್ ರಸ್ತೆ. ಹಳೆಯ ದಾಖಲೆಗಳನ್ನು ಹುಡುಕುವವರು ಎರಡೂ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು.

ಸಮಯ ಉಳಿದರೆ ನಗರಪಾಲಿಕೆ ಕಟ್ಟಡದ ಎದುರಿನ ವೃತ್ತಕ್ಕೆ ಹೋಗಬಹುದು. ಅದೇ ಯುದ್ಧದಲ್ಲಿ ಸತ್ತ ಬ್ರಿಟಿಷ್ ಕಡೆಯವರಿಗಾಗಿ ಅಲ್ಲಿ ನಿಲ್ಲಿಸಿದ್ದ ಸ್ಮಾರಕವನ್ನು 1964ರಲ್ಲಿ ತೆಗೆದುಹಾಕಲಾಯಿತು. ಇಂದಿನ ನೃಪತುಂಗ ರಸ್ತೆಯನ್ನು ಹಿಂದೆ ಆ ಸ್ಮಾರಕದಿಂದಲೇ ಸೆನೊಟಾಫ್ ರಸ್ತೆ ಎನ್ನುತ್ತಿದ್ದರು. ಹಳೆಯ ಛಾಯಾಚಿತ್ರಗಳ ಅಡಿಬರಹದಲ್ಲಿ ಈ ಹೆಸರು ಕಂಡರೆ ಅದು ಇದೇ ರಸ್ತೆಯೆಂದು ತಿಳಿಯಬಹುದು.