ಕಣಿವೆ ದಾರಿಗೆ ಗುದ್ದಲಿ ಹಾಕುವ ಮುಂಚೆ: ಚಿತ್ರದುರ್ಗದ ಚಂದ್ರವಳ್ಳಿ, ಜೋಗಿಮಟ್ಟಿ ಕಡೆಯವರಿಗೆ

ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್ ಹೋಗುವವರಿಗೆ ಇದು ಗೊತ್ತೇ ಇರುತ್ತದೆ. ಜೋರು ಮಳೆ ಬಂದ ಮಾರನೇ ದಿನ ಕಾಲುದಾರಿಯ ನಟ್ಟನಡುವೆ ಗೇಣುದ್ದದ ಕೊರಕಲು. ಅದನ್ನು ತಪ್ಪಿಸಲು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಹುಲ್ಲು ಸಾಯುತ್ತದೆ. ಮುಂದಿನ ಮಳೆಗೆ ಅಲ್ಲೂ ಕೊರಕಲು. ಎರಡು ವರ್ಷ ಬಿಟ್ಟರೆ ಒಂದು ದಾರಿ ಮೂರಾಗಿರುತ್ತದೆ, ಹೋದ ಮಣ್ಣೆಲ್ಲ ಕೆಳಗಿನ ಕೆರೆ ಸೇರಿರುತ್ತದೆ. ಕದಂಬರ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು 4ನೇ ಶತಮಾನದಲ್ಲೇ ಬಂಡೆ ಮೇಲೆ ಬರೆಸಿದ್ದಾನೆ. ಹೂಳಿನ ಲೆಕ್ಕ ಮಾತ್ರ ಯಾರೂ ಬರೆಸಲ್ಲ.

ನಾಲ್ಕು ಜನ ಸೇರಿ ಏನಾದರೂ ಮಾಡಬೇಕು ಅಂತ ಹೊರಟಿದ್ದರೆ ಮೊದಲು ಒಂದು ಸಣ್ಣ ಜಾಗ ಆರಿಸಿಕೊಳ್ಳಿ. ಐವತ್ತು ಹೆಜ್ಜೆ ದಾರಿ, ಅದರ ಎರಡೂ ಬದಿಯ ಇಳಿಜಾರು, ಅಷ್ಟೇ ಸಾಕು. ಐವತ್ತು ಜನ ಬಂದು ಒಂದು ಭಾನುವಾರ ಇಡೀ ಕಣಿವೆ ಬಾಚಿ ಹೋಗುವುದಕ್ಕಿಂತ ಐದು ಜನ ವರ್ಷವಿಡೀ ಅದೇ ಐವತ್ತು ಹೆಜ್ಜೆಗೆ ಹೋಗಿ ಬರುವುದು ಮೇಲು. ಮೊದಲ ಎರಡು ವಾರ ಕೈಯಲ್ಲಿ ಏನೂ ಹಿಡಿಯಬೇಡಿ. ಸುಮ್ನೆ ನೋಡಿ. ನೀರು ಎಲ್ಲಿಂದ ದಾರಿಗೆ ಇಳಿಯುತ್ತದೆ, ಯಾವ ಗಿಡ ಇದೆ, ಕುರಿ ಎಲ್ಲಿ ಹಾಯುತ್ತವೆ.

ಇದನ್ನು ನಾವು ಪೆಟ್ಟು ತಿಂದು ಕಲಿತದ್ದು. ಮೊದಲ ದಿನ ಮಚ್ಚು ಹಿಡಿದು ಒಂದು ಇಳಿಜಾರನ್ನೇ ಬೋಳು ಮಾಡಿ ಬೀಗುತ್ತಾ ನಿಂತಿದ್ದೆವು. ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ನೋಡಿದರು. "ಏನ್ರಪ್ಪಾ, ಬಂದರಿಕೆ ಗಿಡ ಯಾಕ್ ಕಡಿದ್ರಿ? ಕುರೀನೇ ಮುಟ್ಟಲ್ಲ ಅದನ್ನ, ನೀವು ಮುಟ್ಟಿದ್ರಲ್ಲ!" ಕಲ್ಲು ನೆಲದಲ್ಲಿ, ಬಿಸಿಲಲ್ಲಿ, ಯಾರೂ ನೀರು ಹಾಕದೆ ಮಣ್ಣು ಹಿಡಿದಿಟ್ಟುಕೊಳ್ಳುವ ಗಿಡ ಅದು. ಎಲೆ ಮುಟ್ಟಿದರೆ ಸ್ವಲ್ಪ ಅಂಟು. ನಮ್ಮ ಕಣ್ಣಿಗೆ ಅದು ಬರೀ ಪೊದೆ. ಆ ಇಳಿಜಾರು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಅನುಮತಿ ವಿಷಯ ಬೇಗ ಮುಗಿಸುತ್ತೇನೆ. ಜೋಗಿಮಟ್ಟಿ ವನ್ಯಜೀವಿಧಾಮ, ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ವಲಯ ಅರಣ್ಯಾಧಿಕಾರಿಗೆ ಜಾಗ, ದಿನ, ಜನ ಎಷ್ಟು, ಏನು ಕೆಲಸ ಅಂತ ಒಂದು ಪುಟದಲ್ಲಿ ಬರೆದು ಕೊಡಿ. ಚಂದ್ರವಳ್ಳಿಯಲ್ಲಿ ಪುರಾತತ್ವ ಇಲಾಖೆಗೆ ಸೇರಿದ ಭಾಗದಲ್ಲಿ ಅಗೆಯುವ ಮಾತೇ ಬೇಡ, ಕಸ ಹೆಕ್ಕಿ ಸಾಕು. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ನೆಲ ಅದು, ರೋಮನ್ ನಾಣ್ಯ ಸಿಕ್ಕಿದ ಜಾಗ. ಅದರ ಆಸುಪಾಸು ಎಲ್ಲೇ ಆಗಲಿ ಗುದ್ದಲಿಗೆ ಮಡಕೆ ಚೂರು ಸಿಕ್ಕರೆ ಅಲ್ಲೇ ನಿಲ್ಲಿಸಿ, ತಿಳಿಸಿ. ಜೇಬಿಗೆ ಹಾಕಿಕೊಳ್ಳಬೇಡಿ.

ಇನ್ನು ದಾರಿ. ದಾರಿಯ ಕೆಲಸ ಅಂದರೆ ನೀರನ್ನು ದಾರಿಯಿಂದ ಆಚೆ ಕಳಿಸುವುದು, ಬೇರೇನಲ್ಲ. ಕೊರಕಲಿಗೆ ಬರೀ ಮಣ್ಣು ತುಂಬಿದರೆ ಒಂದೇ ಮಳೆಗೆ ಹೋಗುತ್ತದೆ. ಇಳಿಜಾರಿನಲ್ಲಿ ದಾರಿಗೆ ಅಡ್ಡಲಾಗಿ, ಆದರೆ ಓರೆಯಾಗಿ, ಕಲ್ಲಿನ ಸಾಲು ಹಾಕಿ. ಕಡಿದಾದ ಕಡೆ ಹದಿನೈದು ಹೆಜ್ಜೆಗೆ ಒಂದು, ಸಪಾಟಾದ ಕಡೆ ಅಷ್ಟು ಬೇಕಿಲ್ಲ. ಮೊದಲು ಮೊಣಕೈ ಆಳದ ಸಾಲು ತೋಡಿ, ಉದ್ದ ಕಲ್ಲನ್ನು ನಿಲ್ಲಿಸಿ, ಮುಕ್ಕಾಲು ಭಾಗ ನೆಲದೊಳಗೆ ಹೋಗಬೇಕು. ಮೇಲೆ ಕಾಣುವುದು ನಾಲ್ಕು ಬೆರಳು ಮಾತ್ರ. ಸಂದಿಗೆ ಚಿಕ್ಕ ಕಲ್ಲು ಬಡಿದು, ಮೇಲೆ ಹತ್ತಿ ಕುಣಿದು ನೋಡಿ. ಅಲುಗಿದರೆ ಕಿತ್ತು ಮತ್ತೆ ಕೂರಿಸಿ, ಬೇಜಾರಾಗಬೇಡಿ. ನೀರು ಹೊರಬೀಳುವ ತುದಿಯಲ್ಲಿ ಒಂದು ಬಾಂಡ್ಲಿ ಜಲ್ಲಿಕಲ್ಲು ಸುರಿಯಿರಿ, ಇಲ್ಲದಿದ್ದರೆ ಅಲ್ಲೇ ಹೊಸ ಕೊರಕಲು ಹುಟ್ಟುತ್ತದೆ. ಆಮೇಲೆ ಒಂದು ಬಿಂದಿಗೆ ನೀರು ಮೇಲಿಂದ ಸುರಿದು ನೋಡಿ. ಓರೆ ಸರಿ ಇದ್ದರೆ ನೀರು ತಾನೇ ಪಕ್ಕಕ್ಕೆ ತಿರುಗುತ್ತದೆ, ಕಲ್ಲಿನ ಹಿಂದೆ ಕೆರೆಯಾಗಿ ನಿಂತರೆ ಓರೆ ಸಾಲದು.

ಆಗಲೇ ಆಳವಾಗಿರುವ ಕೊರಕಲಿಗೆ ಅಡ್ಡ ಕಲ್ಲು ತಡೆ ಕಟ್ಟಿ, ಮೊಣಕಾಲಿಗಿಂತ ಎತ್ತರ ಬೇಡ. ನಡುಭಾಗ ತಗ್ಗಿರಲಿ, ಎರಡೂ ತುದಿ ದಡದೊಳಗೆ ಸೇರಿರಲಿ. ನಡು ಎತ್ತರವಾದರೆ ನೀರು ಪಕ್ಕದ ದಡವನ್ನೇ ತಿನ್ನುತ್ತದೆ. ಕೆಲಸ ಮೇಲಿಂದ ಕೆಳಗೆ ಬರಬೇಕು.

ಕಲ್ಲು ಎತ್ತುವಾಗ ಹುಷಾರು. ಆಚೆ ಅಂಚನ್ನು ಮೊದಲು ಎತ್ತಿ ಕಲ್ಲನ್ನು ನಿಮ್ಮ ಕಡೆ ವಾಲಿಸಿ. ಅಡಿಯಲ್ಲಿ ಚೇಳು, ಹಾವು ಇದ್ದರೆ ಅದು ಆಚೆ ಹೋಗಲಿ. ಚಪ್ಪಲಿಯಲ್ಲಿ ಬರುವವರನ್ನು ಮುಲಾಜಿಲ್ಲದೆ ವಾಪಸ್ ಕಳಿಸಿ. ಮುಂಜಾನೆ ಕತ್ತಲಲ್ಲಿ, ಸಂಜೆ ಮಬ್ಬಲ್ಲಿ ಕೆಲಸ ಬೇಡ, ನಮ್ಮ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ.

ಕಳೆ ಗಿಡಗಳಲ್ಲಿ ದೊಡ್ಡ ತಲೆನೋವು ಲಂಟಾನ. ಮೇಲೆ ಕಡಿದರೆ ಹತ್ತು ಚಿಗುರು ಬರುತ್ತವೆ. ಬುಡದ ಮಣ್ಣು ಕೆರೆದು, ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ. ಚಿಗುರುವ ಗಂಟು ಅದರ ಮೇಲಿರುತ್ತದೆ. ಆಮೇಲೆ ಗಿಡವನ್ನು ಬೇರು ಮೇಲಾಗಿ ತಲೆಕೆಳಗು ಇಟ್ಟುಬಿಡಿ, ಅಲ್ಲೇ ಒಣಗುತ್ತದೆ. ಹಣ್ಣು ಕಪ್ಪಾಗುವ ಮುಂಚೆ ಈ ಕೆಲಸ ಮುಗಿಯಬೇಕು, ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಲ್ಲೋ ಬೀಳಿಸುತ್ತವೆ. ಅದಕ್ಕೇ ಹಕ್ಕಿ ಕೂರುವ ಮರಗಳ ಕೆಳಗೆ ಮೂರು ತಿಂಗಳು ಬಿಟ್ಟು ಮತ್ತೆ ಹುಡುಕಿ. ಇಳಿಜಾರನ್ನು ಒಂದೇ ಸಲ ಬೋಳು ಮಾಡಬೇಡಿ, ಪಟ್ಟಿ ಪಟ್ಟಿಯಾಗಿ ತೆಗೆಯಿರಿ. ಕಾಂಗ್ರೆಸ್ ಗಿಡ ಸುಲಭ: ಮಳೆ ಬಂದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆ, ಗ್ಲೌಸ್ ಹಾಕಿ ಬೇರುಸಮೇತ ಕೀಳಿ. ಮೈ ಕೆರೆತ ಇರುವವರು ದೂರ ಇರಿ. ಸೀತಾಫಲವೂ ಹೊರಗಿನಿಂದ ಬಂದದ್ದೇ, ಆದರೆ ಅದನ್ನು ಕೀಳಿ ಅಂತ ನಾನಂತೂ ಹೇಳಲ್ಲ. ಬುಟ್ಟಿ ಹೊತ್ತು ಹಣ್ಣು ಮಾರುವ ಅಕ್ಕಂದಿರಿಗೆ ಉತ್ತರ ಕೊಡೋರು ಯಾರು?

ಗಿಡ ನೆಡುವುದನ್ನು ಕೊನೆಗೆ ಇಟ್ಟಿದ್ದೇನೆ, ಬೇಕಂತಲೇ. ಜೂನ್ 5ರ ಪರಿಸರ ದಿನಕ್ಕೆ ಫೋಟೋ ತೆಗೆಸಿಕೊಂಡು ನೆಟ್ಟ ಸಸಿಗಳು ನಮ್ಮೂರಲ್ಲಿ ಜುಲೈ ಗಾಳಿಗೆ ಒಣಗುತ್ತವೆ. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ. ನಮಗೆ ಮಳೆ ಜಾಸ್ತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಆದ್ದರಿಂದ ಹುಬ್ಬೆ, ಉತ್ತರೆ ಮಳೆಗೆ ನೆಲ ನೆನೆದ ಮೇಲೆ ನೆಡಿ. ಅದಕ್ಕಿಂತ ಒಳ್ಳೆಯದು ಬೀಜ. ತಂಗಡಿ, ಕಕ್ಕೆ ಬೀಜವನ್ನು ಬಿಸಿನೀರಲ್ಲಿ ರಾತ್ರಿ ನೆನೆಸಿ ಹಾಕಿ. ಬೇವಿನ ಬೀಜ ಹಣ್ಣು ಉದುರಿದ ಎರಡು ಮೂರು ವಾರದೊಳಗೆ ಮಣ್ಣು ಸೇರಬೇಕು, ಇಟ್ಟರೆ ಕೆಡುತ್ತದೆ. ಹಳ್ಳದ ಬದಿಗೆ ಹೊಂಗೆ, ಕಲ್ಲು ಇಳಿಜಾರಿಗೆ ದಿಂಡಿಗ, ಕಮರ, ಕಾರೆ, ಕವಳೆ. ಬೀಜವನ್ನು ಅದೇ ಗುಡ್ಡದ ಮರಗಳಿಂದ ತನ್ನಿ. ಗುಲ್‌ಮೊಹರ್ ಬೇಡ, ನೀಲಗಿರಿ ಬೇಡವೇ ಬೇಡ.

ಎಷ್ಟೋ ಕಡೆ ನೆಡುವ ಅಗತ್ಯವೇ ಇರಲ್ಲ. ತುಳಿದು ಸತ್ತ ಜಾಗಕ್ಕೆ ಒಣ ಮುಳ್ಳು ಕೊಂಬೆ ಅಡ್ಡ ಹಾಕಿ ಒಂದು ಮಳೆಗಾಲ ಬಿಡಿ, ಹುಲ್ಲು ತಾನೇ ಬರುತ್ತದೆ. ಬಳ್ಳಾರಿ ಜಾಲಿ ಕೊಂಬೆ ಹಾಕುವುದಾದರೆ ಕಾಯಿ ಇಲ್ಲದ್ದನ್ನು ನೋಡಿ ಹಾಕಿ, ಇಲ್ಲಾಂದ್ರೆ ಬೇಲಿಯೇ ಬಿತ್ತನೆ ಆಗುತ್ತದೆ.

ಇಳಿಯುವ ಮುಂಚೆ ಗುದ್ದಲಿ, ಹಾರೆ, ಕುಡುಗೋಲು ಎಣಿಸಿ. ಹಿಡಿಗೆ ಕೆಂಪು ಬಟ್ಟೆ ಕಟ್ಟಿ, ಹುಲ್ಲಲ್ಲಿ ಬಿದ್ದರೆ ಕಾಣುತ್ತದೆ. ನಮ್ಮದೊಂದು ಕುಡುಗೋಲು ಹೋದ ವರ್ಷ ಹೀಗೇ ಕಳೆದದ್ದು ಇನ್ನೂ ಸಿಕ್ಕಿಲ್ಲ. ಮುಂದಿನ ಜೋರು ಮಳೆ ನಿಂತ ಮೇಲೆ, ಸನಿಕೆ ಹಿಡಿದು ಇಬ್ಬರಾದರೂ ಹೋಗಿ, ಕಲ್ಲಿನ ಸಾಲಿನ ಹಿಂದೆ ನಿಂತ ಮಣ್ಣು ತೆಗೆದು ಬನ್ನಿ.