ಸಂಜೆ ಹೊತ್ತು ವಿಡಿಯೊ ಕಾಲ್ ತುಂಡಾಗುತ್ತಿದ್ದುದು ಹೀಗೆ ಸರಿಹೋಯಿತು

ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಫೋನ್, ಟಿವಿ, ಕ್ಯಾಮೆರಾ ಎಲ್ಲ ಸೇರಿ 26 ಸಾಧನ. ಯಾರಾದರೂ ಫೋಟೊ ಬ್ಯಾಕಪ್ ಶುರು ಮಾಡಿದರೆ ಸಾಕು, ವಿಡಿಯೊ ಕಾಲ್‌ನಲ್ಲಿ ಮಾತು ತುಂಡು ತುಂಡು. ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) 15ರಿಂದ 400 ಮಿಲಿಸೆಕೆಂಡಿಗೆ ಏರುತ್ತಿತ್ತು.

ರೀಸ್ಟಾರ್ಟ್, ಚಾನೆಲ್ ಬದಲಾವಣೆ, ರಿಪೀಟರ್ ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಒಂದು ತಿಂಗಳು 200ರ ಪ್ಲಾನ್ ಹಾಕಿಸಿದೆ. ಬ್ಯಾಕಪ್ ಅದನ್ನೂ ತುಂಬಿಸುತ್ತದೆ, ಅಲ್ವಾ?

ರೂಟರ್ ಕೊಳ್ಳುವಾಗ ಸುಮ್ನೆ ಆಂಟೆನಾ ಎಣಿಸಬೇಡಿ, ಎಸ್‌ಕ್ಯೂಎಂ (ಒಂದೇ ಕೆಲಸ ಲೈನ್ ತುಂಬಿಸಿ ಉಳಿದವನ್ನು ಕಾಯಿಸದಂತೆ ಡೇಟಾ ಸಾಲನ್ನು ನಿಭಾಯಿಸುವ ಸೌಲಭ್ಯ) ಸಿಗುತ್ತದಾ ನೋಡಿ. ನಾನು ಓಪನ್‌ಡಬ್ಲ್ಯೂಆರ್‌ಟಿ (ಎಸ್‌ಕ್ಯೂಎಂ ಹಾಕಿಕೊಳ್ಳಬಹುದಾದ, ರೂಟರಿನ ಉಚಿತ ಸಾಫ್ಟ್‌ವೇರ್) ಹಾಕಬಹುದಾದ, 256 ಎಂಬಿ ರ‍್ಯಾಮ್‌ನ ವೈಫೈ 6 ರೂಟರ್ ತಂದೆ.

ಕ್ರಮ ತಪ್ಪಿಸಬೇಡಿ. ಮೊದಲು ಕನೆಕ್ಷನ್ ಜೊತೆ ಬಂದ ಹಳೆ ಡಬ್ಬಿಯ ಸೆಟ್ಟಿಂಗ್‌ನಲ್ಲಿ ವ್ಯಾನ್ (ಹೊರಗಿನ ಇಂಟರ್‌ನೆಟ್ ಕಡೆಯ) ಪುಟದ ಫೋಟೊ ತೆಗೆದಿಡಿ. ಅದರಲ್ಲಿ ಪಿಪಿಪಿಒಇ (ಕನೆಕ್ಷನ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ವಿಲ್ಯಾನ್ ನಂಬರ್ (ಲೈನಿನಲ್ಲಿ ಇಂಟರ್‌ನೆಟ್ ಹರಿಯುವ ದಾರಿಯ ಗುರುತು) ಇರುತ್ತವೆ. ಪಾಸ್‌ವರ್ಡ್ ಕನೆಕ್ಷನ್ ಕೊಟ್ಟವರನ್ನೇ ಕೇಳಬೇಕು. ಇದು ಕೈಗೆ ಬರುವ ಮುಂಚೆ ಏನನ್ನೂ ಮುಟ್ಟಬೇಡಿ. ಆಮೇಲೆ ಅದೇ ವಿಲ್ಯಾನ್ ಉಳಿಸಿ ಹಳೆಯದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಿಗ್ನಲ್ ದಾಟಿಸುವುದಷ್ಟೇ) ಹಾಕಿ, ಅದರ ವೈಫೈ ಆಫ್ ಮಾಡಿ. ಹಳೆಯದರ ಲ್ಯಾನ್ 1ರಿಂದ ಹೊಸ ರೂಟರಿನ ವ್ಯಾನ್‌ಗೆ ಕೇಬಲ್. ಹೊಸದರಲ್ಲಿ ಪಿಪಿಪಿಒಇ, ಎಂಟಿಯು (ಒಂದು ಡೇಟಾ ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492.

ಕೊನೆಗೆ ಎಸ್‌ಕ್ಯೂಎಂ. ಪಿಪಿಪಿಒಇ ಇಂಟರ್‌ಫೇಸ್ ಆರಿಸಿ, ಕೇಕ್ (ಎಸ್‌ಕ್ಯೂಎಂನ ಒಂದು ವಿಧಾನ) ಹಾಕಿ, ಡೌನ್‌ಲೋಡ್ 90000, ಅಪ್‌ಲೋಡ್ 90000 (ಕೆಬಿಪಿಎಸ್, ಅಂದರೆ 90 ಎಂಬಿಪಿಎಸ್) ಕೊಡಿ. ಪೂರ್ತಿ 100000 ಕೊಟ್ಟಾಗ ಪಿಂಗ್ ಮತ್ತೆ ಏರಿತು. 90000ದಲ್ಲಿ ಬ್ಯಾಕಪ್ ನಡೆಯುವಾಗಲೂ ಪಿಂಗ್ 22 ಮಿಲಿಸೆಕೆಂಡ್ ದಾಟುತ್ತಿಲ್ಲ.